ಮೆಕ್ಕೆಜೋಳದ ಆ್ಯಪ್‌ಗೆ ಕನ್ನಡ, ಉರ್ದು ಸೇರಿಸಬೇಕು, ಅನುವಾದ ಮಾಡಿಸಿದರೆ ಸಾಕೇ?

ದಾವಣಗೆರೆ ಎಪಿಎಂಸಿಗೆ ಮಾಲು ತರುವ ರೈತರಿಗೂ ಕೊಳ್ಳುವ ವರ್ತಕರಿಗೂ ಒಂದೇ ಆ್ಯಪ್, ಇಂಗ್ಲಿಷ್ ಸ್ಕ್ರೀನ್‌ಗಳನ್ನು ಅನುವಾದಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ನಾನಾದರೆ ಮೊದಲು ವಿವರ ತುಂಬುವ ಫಾರಂ ಸರಿಮಾಡುತ್ತೇನೆ, ಅನುವಾದ ಆಮೇಲೆ.

ಜಮೀನಿನ ಅಳತೆಯನ್ನೇ ನೋಡಿ. 2 ಎಕರೆ 20 ಗುಂಟೆಯನ್ನು 2.20 ಎಂದು ಬರೆಯುವುದು ರೂಢಿ. ಎಕರೆಗೆ 40 ಗುಂಟೆ, ಅಂದರೆ ಅದು ಎರಡೂವರೆ ಎಕರೆ. ಒಂದೇ ಬಾಕ್ಸ್ ಇಟ್ಟರೆ ಸಾಫ್ಟ್‌ವೇರ್ ಅದನ್ನು 2.2 ಎಂದು ಓದಿ 12 ಗುಂಟೆ ನುಂಗುತ್ತದೆ, ಎರರ್ ಕೂಡ ಬರುವುದಿಲ್ಲ. ಎಕರೆಗೊಂದು, ಗುಂಟೆಗೊಂದು ಬಾಕ್ಸ್ ಕೊಡಿ. ಗುಂಟೆ 39 ದಾಟಿದರೆ ತಡೆಯಿರಿ. ಪಹಣಿಯಂತೆ ಆಣೆಯೂ ಬೇಕಿದ್ದರೆ ಮೂರನೆಯ ಬಾಕ್ಸ್ (16 ಆಣೆಗೆ ಒಂದು ಗುಂಟೆ), ಆಗ ಡೇಟಾಬೇಸಿನಲ್ಲಿ ಎಲ್ಲವನ್ನೂ ಆಣೆಯಾಗಿ ಉಳಿಸಿ. ಮಾಲನ್ನು ಚೀಲದ ಲೆಕ್ಕದಲ್ಲಿ ಕೇಳುವುದಾದರೆ ಚೀಲಕ್ಕೆ ಎಷ್ಟು ಕೆಜಿ ಎಂದೂ ಕೇಳಿ. ದರ ಕ್ವಿಂಟಲ್‌ಗೇ ಇರಲಿ.

ಹೆಸರನ್ನು ಎರಡು ತುಂಡು ಮಾಡಿ ಎರಡನ್ನೂ ಕಡ್ಡಾಯ ಮಾಡಬೇಡಿ. ನಮ್ಮ ಕಡೆ ಊರಿನ, ತಂದೆಯ ಇನಿಶಿಯಲ್ ಮುಂದೆ ಬರುತ್ತದೆ. ಎಷ್ಟೋ ಜನಕ್ಕೆ ದಾಖಲೆಯಲ್ಲಿ ಅಡ್ಡಹೆಸರೇ ಇರುವುದಿಲ್ಲ. ಕಡ್ಡಾಯ ಎಂದರೆ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ, ಹಣ ಹಾಕುವಾಗ ಬ್ಯಾಂಕಿನ ಹೆಸರಿಗೆ ತಾಳೆಯಾಗುವುದಿಲ್ಲ. ‘ಪಾಸ್‌ಬುಕ್‌ನಲ್ಲಿ ಇರುವಂತೆ ಹೆಸರು’ ಎಂಬ ಒಂದೇ ಬಾಕ್ಸ್ ಸಾಕು. ಆ ಹೆಸರಿಗೆ ಕೋಡ್‌ನಲ್ಲೇ ‘ಗೆ’ ಅಂಟಿಸಿದರೆ ‘ಬಸವರಾಜಗೆ ಹಣ ಸಂದಿದೆ’ ಎಂದು ಬರುತ್ತದೆ. ‘ಅವರಿಗೆ’ ಎಂದು ಬಿಡಿಸಿ ಬರೆಯಿರಿ. ಯಾವ ಹೆಸರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗಬಹುದು, 1.5ರಿಂದ 1.6 ಇಡಿ. ಉರ್ದುವಿನ ನಸ್ತಾಲೀಕ್ ಓರೆಯಾಗಿ ಇಳಿಯುವ ಲಿಪಿ, ಅದಕ್ಕೆ 2ರ ಹತ್ತಿರ ಬೇಕು. ಉರ್ದುವಿನಲ್ಲಿ ಇಡೀ ಸ್ಕ್ರೀನ್ ಬಲದಿಂದ ಶುರುವಾಗಬೇಕು, ‘ಹಿಂದೆ’ ಬಾಣವೂ ತಿರುಗಬೇಕು. ಫೋನ್ ನಂಬರ್, ದರದ ಅಂಕಿ ತಿರುಗಬಾರದು. ಅಂಚುಗಳನ್ನು ಎಡ-ಬಲ ಎಂದು ಬರೆಯದೆ ಇನ್‌ಲೈನ್-ಸ್ಟಾರ್ಟ್ (ಸಾಲು ಶುರುವಾಗುವ ಬದಿ), ಇನ್‌ಲೈನ್-ಎಂಡ್ (ಮುಗಿಯುವ ಬದಿ) ಬಳಸಿದರೆ ಅರ್ಧ ಕೆಲಸ ತಾನಾಗಿ ಮುಗಿಯುತ್ತದೆ.

ದರದ ಏರಿಳಿತಕ್ಕೆ ಬಣ್ಣವೊಂದನ್ನೇ ನಂಬಬೇಡಿ, ಬಾಣವನ್ನೂ ಹಾಕಿ. ಬಣ್ಣದ ಅರ್ಥ ಎಲ್ಲ ಕಡೆ ಒಂದೇ ಅಲ್ಲ, ಚೀನಾ, ಜಪಾನ್‌ಗಳ ಷೇರುಪೇಟೆ ಫಲಕದಲ್ಲಿ ಏರಿಕೆಗೇ ಕೆಂಪು.

ಯಾರ್ಡ್‌ನಲ್ಲಿ ಪರೀಕ್ಷಿಸುವಾಗ ‘ಹೇಗಿದೆ’ ಎಂದು ಕೇಳಬೇಡಿ. ನಿಮ್ಮ ಮುಖ ನೋಡಿ ‘ಚೆನ್ನಾಗೈತಿ’ ಅಂತಲೇ ಹೇಳುತ್ತಾರೆ. ಅಕ್ಷರದ ಗಾತ್ರ ಅತಿ ದೊಡ್ಡದಕ್ಕೆ ಇಟ್ಟ ಅಗ್ಗದ ಫೋನ್ ಕೈಗೆ ಕೊಟ್ಟು, ‘ಇವತ್ತಿನ ದರ ಹುಡುಕಿ’ ಎಂದಷ್ಟೇ ಹೇಳಿ, ಬೆರಳು ಎಲ್ಲಿ ತಡವರಿಸುತ್ತದೆ ಎಂದು ಬರೆದುಕೊಳ್ಳಿ.