ಪ್ರ: ಕೊರಿಯನ್ ಕಲಿಯುತ್ತಿರುವ ಮಗಳು ‘ಎಲ್ಲಾ ಮಾಡಿಲ್ಲ’ ಅನ್ನೋದನ್ನು ತಪ್ಪಾಗಿ ತಿಳಿದಳೇ?

ಸಿಯೋಲ್‌ನಲ್ಲಿ ಓದುತ್ತಿರುವ ನಿಮ್ಮ ಏಳು ವರ್ಷದ ಮಗಳು ‘ಸುಕ್ಜೆ ದಾ ಆನ್ ಹೆಸ್ಸೊ’ ಅಂದರೆ ‘ಹೋಮ್‌ವರ್ಕ್ ಏನೂ ಮಾಡಿಲ್ಲ’ ಅಂತಾಳೆ, ಗೆಳತಿ ‘ಪೂರ್ತಿ ಮುಗಿದಿಲ್ಲ’ ಅಂದಳು, ಯಾರು ಸರಿ ಅಂತ ಕೇಳಿದ್ದೀರಿ. ಇಬ್ಬರೂ ಸರಿ.

‘ದಾ’ ಅಂದರೆ ಎಲ್ಲಾ, ‘ಆನ್’ ಅಂದರೆ ಇಲ್ಲ. ‘ಇಲ್ಲ’ ಯಾವುದಕ್ಕೆ ಸೇರುತ್ತೆ ಅನ್ನೋದರ ಮೇಲೆ ಅರ್ಥ ಬದಲಾಗುತ್ತೆ: ‘ಮಾಡೋದಕ್ಕೆ’ ಸೇರಿದರೆ ಏನೂ ಮಾಡಿಲ್ಲ, ‘ಎಲ್ಲಾ’ಗೆ ಸೇರಿದರೆ ಪೂರ್ತಿ ಮಾಡಿಲ್ಲ. ನಮ್ಮ ‘ಎಲ್ಲರೂ ಬರಲಿಲ್ಲ’ ಕೂಡ ಹಾಗೇ ಅಲ್ವಾ? ಯಾರೂ ಬರಲಿಲ್ಲವೋ, ಕೆಲವರು ಬಂದರೋ?

ಇಂಥ ವಾಕ್ಯಗಳನ್ನು ಕೊರಿಯನ್ನರೇ ಒಂದೇ ಥರ ಅರ್ಥ ಮಾಡಿಕೊಳ್ಳಲ್ಲ. ಹಾನ್, ಲಿಡ್ಜ್, ಮುಸೊಲಿನೊ ಅನ್ನೋ ಭಾಷಾವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಏನೂ ಇಲ್ಲ’ ಅರ್ಥವನ್ನು ದೊಡ್ಡವರು ಒಪ್ಪಿದರು, ‘ಪೂರ್ತಿ ಇಲ್ಲ’ ಅನ್ನೋದನ್ನು ಕೆಲವರಷ್ಟೇ. ಕೊರಿಯನ್ನೇ ಮನೆಮಾತಾದ ನಾಲ್ಕು ವರ್ಷದ ಮಕ್ಕಳೂ ಹಾಗೇ. (ಇವರಲ್ಲಿ ಇಬ್ಬರು 2002ರಲ್ಲಿ ಕನ್ನಡದ ಮಕ್ಕಳ ಮೇಲೂ ಇಂಥದ್ದೇ ಕೆಲಸ ಮಾಡಿದ್ದರು. ನನಗಂತೂ ಅದು ತುಂಬಾ ಖುಷಿಯ ವಿಷಯ.) ಹಾಗಾಗಿ ದಯವಿಟ್ಟು ಅವಳನ್ನು ತಿದ್ದಬೇಡಿ.

ಮನೆಯಲ್ಲಿ ಹೀಗೆ ಮಾಡಿ. ಮೂರು ಬಿಸ್ಕತ್ತು ಇಡಿ, ಗೊಂಬೆಗೆ ಎರಡು ‘ತಿನ್ನಿಸಿ’. ಆಮೇಲೆ ‘ದಾ ಆನ್ ಮೊಗೊಸ್ಸೊ’ (ಎಲ್ಲಾ ತಿಂದಿಲ್ಲ) ಅಂತ ಹೇಳಿ, ನಿಜವಾ ಸುಳ್ಳಾ ಕೇಳಿ. ಅವಳು ‘ಸುಳ್ಳು’ ಅಂತ ಹೇಳಿದರೆ, ಅದನ್ನು ‘ಏನೂ ತಿಂದಿಲ್ಲ’ ಅಂತ ತಿಳಿದಿದ್ದಾಳೆ; ಆಗ ‘ದಾನುನ್ ಆನ್ ಮೊಗೊಸ್ಸೊ’ ಅಂತ ಹೇಳಿ ನೋಡಿ. ಆ ‘ನುನ್’ ಸೇರಿದರೆ ‘ಎಲ್ಲಾ ಅಲ್ಲ, ಸ್ವಲ್ಪ’ ಅನ್ನೋ ಅರ್ಥವೇ ಉಳಿಯೋದು. ಅವಳಿಗೆ ಮೊದಲು ಕಲಿಸಬೇಕಾದ್ದು ಈ ಪುಟ್ಟ ತುಣುಕು.