ಲಂಗರ್‌ನಲ್ಲಿದ್ದವರು ಸೈನಿಕರಲ್ವಾ?

ಓದುಗರ ಪತ್ರ: ನನ್ನ ಅಪ್ಪ ಸೈನ್ಯದ ಲಂಗರ್‌ನಲ್ಲಿ, ಅಂದರೆ ಅಡುಗೆಮನೆಯಲ್ಲಿ, 17 ವರ್ಷ ಅಡುಗೆಯವರಾಗಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಕಾರ್ಗಿಲ್ ಯುದ್ಧದ ಹೊತ್ತಿಗೆ ಪಂಜಾಬಿನ ಗಡಿಯಲ್ಲಿದ್ದರು. ಆಮೇಲೆ ಎರಡು ವರ್ಷ ಲಡಾಖ್. ಕಳೆದ ಆಗಸ್ಟ್ 15ಕ್ಕೆ ಊರ ಶಾಲೆಯಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇತ್ತು. ಅದೇ ಸಾಲಿನಲ್ಲಿ ಕೂತಿದ್ದ ಇನ್ನೊಬ್ಬ ಮಾಜಿ ಸೈನಿಕರು, "ಅನ್ನ ಬೇಯಿಸಿ ಬಂದವರಿಗೂ ಶಾಲು ಹಾಕ್ಬೇಕಾ?" ಅಂದರು. ನಾಲ್ಕು ಜನ ನಕ್ಕರು. ಜನವರಿ 26ಕ್ಕೆ ಕರೆದರೆ ಹೋಗುವುದಿಲ್ಲ ಅಂತ ಅಪ್ಪ ಈಗಲೇ ಹೇಳಿಬಿಟ್ಟಿದ್ದಾರೆ. ನಮ್ಮೂರಲ್ಲಿ ಬಿಎಸ್‌ಎಫ್‌ನಿಂದ ಬಂದ ಮಾವ ಇದ್ದಾರೆ, ನೇವಲ್ ಬೇಸ್‌ನಲ್ಲಿ ಸಿವಿಲಿಯನ್ ಆಗಿ ದುಡಿದವರಿದ್ದಾರೆ. ಜನ ಎಲ್ಲರನ್ನೂ ಮಿಲಿಟರಿಯವರು ಅಂತಲೇ ಕರೆಯುತ್ತಾರೆ. ನಿಜವಾದ ಮಾಜಿ ಸೈನಿಕ ಅಂದ್ರೆ ಯಾರು? ಅಪ್ಪನನ್ನು ನಾನು ಒತ್ತಾಯ ಮಾಡಿ ಕಳಿಸಬೇಕಾ?
(ಹೆಸರು ಬೇಡ ಎಂದಿದ್ದಾರೆ, ಅಂಕೋಲಾ ತಾಲ್ಲೂಕು)

ಸಂಪಾದಕರ ಉತ್ತರ:

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಅದು ಸುಲಭ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಭೂಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಯಾವುದೇ ದರ್ಜೆಯಲ್ಲಿದ್ದು ಪಿಂಚಣಿಯೊಂದಿಗೆ ಬಂದವರು ಮಾಜಿ ಸೈನಿಕರು. ಸೇವೆಯಿಂದಲೇ ಆದ ಗಾಯ, ಕಾಯಿಲೆಗೆ ಬಿಡುಗಡೆಯಾದವರೂ ಸೇರುತ್ತಾರೆ. ಗೊತ್ತುಪಡಿಸಿದ ಅವಧಿ ಮುಗಿಸಿ ಗ್ರಾಚ್ಯುಟಿ ಪಡೆದು ಬಂದವರೂ ಸೇರುತ್ತಾರೆ. 1987ರ ಜುಲೈಗಿಂತ ಮುಂಚೆ ಬಂದವರಿಗೆ ಬೇರೆ ಲೆಕ್ಕ, ಅದು ನಿಮಗೆ ಬೇಡ. ನಿಮಗೆ ಬೇಕಾದ್ದು ಆ ನಿಯಮದೊಳಗೆ ಒಂದೇ ಸಾಲಿನಲ್ಲಿದೆ: ಕಾದಾಡುವ ವರ್ಗದವರಾಗಿರಲಿ, ಅಲ್ಲದವರಾಗಿರಲಿ. ಗುಂಡು ಹಾರಿಸಿದ್ದೀರಾ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಜವಾನರಿಗೆ ಪಿಂಚಣಿಗೆ 15 ವರ್ಷ ಸೇವೆ ಬೇಕು. ನಿಮ್ಮ ಅಪ್ಪನದು 17.

ನಿಮ್ಮ ಮಾವನ ವಿಷಯ ಬೇರೆ. ಬಿಎಸ್‌ಎಫ್, ಸಿಆರ್‌ಪಿಎಫ್ ಬರುವುದು ಗೃಹ ಸಚಿವಾಲಯದ ಕೆಳಗೆ. ಅವರಿಗೆ 2012ರಲ್ಲಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಮಾಜಿ ಸಿಬ್ಬಂದಿ ಅಂತ ಪ್ರತ್ಯೇಕ ಹೆಸರು ಕೊಟ್ಟರು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡು, ಮಿಲಿಟರಿ ಕ್ಯಾಂಟೀನು ಅವರಿಗಿಲ್ಲ. ಹಾಗಂತ ಗಡಿಯಲ್ಲಿ ರಾತ್ರಿಯಿಡೀ ನಿಂತವರಿಗೆ ಊರಿನವರು ಕೊಡುವ ಮರ್ಯಾದೆ ಕಮ್ಮಿ ಆಗಬೇಕಾಗಿಲ್ಲ. ನೇವಲ್ ಬೇಸ್‌ನ ಸಿವಿಲಿಯನ್ ನೌಕರರು ಮಾಜಿ ಸೈನಿಕರಲ್ಲ, ಹೌದು ಅಂತ ಅವರೂ ಹೇಳಿಕೊಳ್ಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೊಂದು ಗೊಂದಲವೂ ಉಂಟು. ಮರ್ಚೆಂಟ್ ನೇವಿಯಲ್ಲಿ ಶಿಪ್ಪಿಗೆ ಹೋದವರನ್ನೂ "ನೇವಿಯವರು" ಅಂದುಬಿಡುತ್ತೇವೆ. ಮದುವೆ ಮಾತುಕತೆಯಲ್ಲಂತೂ ಇದು ಜಾಸ್ತಿ!

ಆದರೆ ನಿಮ್ಮ ಅಪ್ಪನಿಗೆ ನೋವಾಗಿದ್ದು ನಿಯಮ ಗೊತ್ತಿಲ್ಲ ಅಂತ ಅಲ್ಲ. ಆ ಮಾತು ಆಡಿದವರು ಸ್ವತಃ ಸೈನಿಕರು ಅನ್ನುವುದಕ್ಕೆ.

ಅವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಗುಂಡು ಹಾರುವ ಜಾಗದಲ್ಲಿದ್ದವರು ಕಂಡದ್ದನ್ನು ಉಳಿದವರು ಕಂಡಿಲ್ಲ. ಸೈನ್ಯವೇ ಈ ವ್ಯತ್ಯಾಸ ಮಾಡುತ್ತದೆ. 1999ರಲ್ಲಿ ಕಾರ್ಗಿಲ್‌ನ ಯುದ್ಧಭೂಮಿಯಲ್ಲಿದ್ದವರಿಗೆ ಆಪರೇಷನ್ ವಿಜಯ್ ಸ್ಟಾರ್ ಸಿಕ್ಕಿತು. ಅದೇ ಹೊತ್ತಿಗೆ ಬೇರೆ ಕಡೆ ಗಡಿಗೆ ಹೋದವರಿಗೆ ಸಿಕ್ಕಿದ್ದು ಆಪರೇಷನ್ ವಿಜಯ್ ಮೆಡಲ್. 1971ರ ಯುದ್ಧಕ್ಕೂ ಹಾಗೇ: ಪೂರ್ವ ಮತ್ತು ಪಶ್ಚಿಮದ ರಣರಂಗಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಅಂತ ಬೇರೆ ಬೇರೆ, ಅದರಾಚೆ ಸಂಗ್ರಾಮ್ ಮೆಡಲ್. ಹಾಗಾಗಿ ಆ ಹಿರಿಯರು ತಾನು ಮುಂದಿನ ಸಾಲಿನಲ್ಲಿದ್ದೆ ಎಂದು ಹೆಮ್ಮೆಪಟ್ಟರೆ ತಪ್ಪಿಲ್ಲ. ತನಗೆ ಸ್ಟಾರ್ ಕೊಟ್ಟ ಸೈನ್ಯವೇ ಪಕ್ಕದವರಿಗೆ ಮೆಡಲ್ ಕೊಟ್ಟಿದೆ ಅನ್ನುವುದನ್ನು ಮಾತ್ರ ಅವರು ಮರೆತಿದ್ದಾರೆ.

ಎಲ್ಲಿಗೆ ಪೋಸ್ಟಿಂಗ್ ಅಂತ ಜವಾನ ತಾನೇ ತೀರ್ಮಾನ ಮಾಡುತ್ತಾನಾ? ಭರ್ತಿಯಾದ ದಿನ ಆ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾನೆ. ಕಾರ್ಗಿಲ್‌ಗೆ ಹೋಗು ಅಂದರೆ ಹೋಗಬೇಕು, ಪಂಜಾಬಿನಲ್ಲೇ ಇರು ಅಂದರೆ ಇರಬೇಕು. ನನ್ನ ಪ್ರಕಾರ ಸೈನಿಕನ ಗುರುತು ಇದೇ. ಹೀಗೆ ತನ್ನನ್ನು ಬಿಟ್ಟುಕೊಟ್ಟ ಮೇಲೆ ಕೈಗೆ ಬಂದದ್ದು ಬಂದೂಕೋ ಸೌಟೋ ಎಂಬುದು ಮೇಲಿನವರ ಲೆಕ್ಕಾಚಾರ. ಅಡುಗೆಯವರಿಗೂ ಮೊದಲು ಮಿಲಿಟರಿ ತರಬೇತಿ ಆಗಿಯೇ ಆಗುತ್ತದೆ. ಲಂಗರ್‌ಗೆ ಹೋಗುವುದು ಆಮೇಲೆ.

ಮತ್ತೆ, ಸಾವು ಸೈನ್ಯದಲ್ಲಿ ನಿಮ್ಮ ಟ್ರೇಡ್, ಅಂದರೆ ಕೆಲಸ, ಯಾವುದು ಅಂತ ಕೇಳಿಕೊಂಡು ಬರುವುದಿಲ್ಲ. ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾವ್ಯಾರೂ ಮರೆತಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಇದ್ದು ಜೀವಂತವಾಗಿ ಸಿಕ್ಕರು. ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಶತ್ರುವಿನ ಗುಂಡು ಇರಲಿಲ್ಲ, ಬಂದದ್ದು ಹಿಮಕುಸಿತ. 2001-02ರಲ್ಲಿ ಸೈನ್ಯವನ್ನು ಗಡಿಗೆ ಕಳಿಸಿದ ಆಪರೇಷನ್ ಪರಾಕ್ರಮದಲ್ಲಿ ಯುದ್ಧವೇ ಆಗಲಿಲ್ಲ. ಆದರೂ ಗಡಿಯಲ್ಲಿ ನೆಲಬಾಂಬು ಹೂಳುವಾಗ, ತೆಗೆಯುವಾಗ ಜವಾನರು ಸತ್ತರು.

ನಿಮ್ಮ ಅಪ್ಪ ಲಡಾಖ್‌ನಲ್ಲಿದ್ದಾಗಿನ ಒಂದು ಸಂಗತಿ ಬರೆದಿದ್ದೀರಿ: ಕುಕ್ಕರಿನ ರಬ್ಬರು ಹಾಳಾದ ದಿನ ಇಡೀ ಪೋಸ್ಟಿಗೆ ಅರೆಬೆಂದ ಅನ್ನ, ಸೀಮೆಎಣ್ಣೆ ಸ್ಟೋವಿನ ಮಸಿ ಮೂಗಿನೊಳಗೆ. ಐದು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅಕ್ಕಿಗೆ ಅದಕ್ಕಿಂತ ಜಾಸ್ತಿ ಬಿಸಿ ಹತ್ತುವುದಿಲ್ಲ. (ನಮ್ಮ ಕುಚಲಕ್ಕಿಯಂತೂ ಬೇಯುವ ಮಾತೇ ಇಲ್ಲ.) ಅಲ್ಲಿ ಹೊತ್ತಿಗೆ ಸರಿಯಾಗಿ ಬಿಸಿ ಊಟ ಸಿಗದಿದ್ದರೆ ಕಾವಲಿಗೆ ನಿಂತವನ ಮೈಯಲ್ಲಿ ಕಸುವು ಉಳಿಯುವುದಿಲ್ಲ. ಶಾಲು ಹಾಕಬೇಕಾ ಅಂತ ಕೇಳಿದವರೂ ಯಾರೋ ಬೇಯಿಸಿದ್ದನ್ನು ಉಂಡೇ ಬೆಟ್ಟ ಹತ್ತಿದವರು.

ಇನ್ನೊಂದು ಉದಾಹರಣೆ ನಿಮ್ಮ ಹತ್ತಿರದಲ್ಲೇ ಇದೆ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿ ಚೆಂಡಿಯಾ ಸಿಗುತ್ತದಲ್ಲ, ಮೇಜರ್ ರಾಮ ರಾಘೋಬಾ ರಾಣೆ 1918ರಲ್ಲಿ ಹುಟ್ಟಿದ ಊರು. ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರು. ಏನು ಮಾಡಿದ್ದಕ್ಕೆ? ರಸ್ತೆ ಮಾಡಿದ್ದಕ್ಕೆ. ಆಗ ಅವರು ಸೈನ್ಯದ ಬಾಂಬೆ ಎಂಜಿನಿಯರ್ಸ್ ದಳದಲ್ಲಿ ಸೆಕೆಂಡ್ ಲೆಫ್ಟಿನೆಂಟ್. 1948ರ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ನೆಲಬಾಂಬು ಹೂತಿದ್ದರು, ಮರ ಕಡಿದು ಅಡ್ಡ ಹಾಕಿದ್ದರು. ಏಪ್ರಿಲ್ 8ರಂದು ಕೆಲಸ ಶುರುವಾಗುವಾಗಲೇ ಮಾರ್ಟರ್ ಬಿತ್ತು. ಅವರ ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯ. ಅಲ್ಲಿಂದ ಮುಂದೆ 11ರವರೆಗೆ ನೆಲಬಾಂಬು ಕೀಳುವುದು, ಮರ ಸರಿಸುವುದು, ಟ್ಯಾಂಕು ಹೋಗಲು ಬದಲಿ ದಾರಿ ಕಡಿಯುವುದು, ಇದೇ. ಶತ್ರುವಿನ ಮೇಲೆ ಎಷ್ಟು ಗುಂಡು ಹಾರಿಸಿದರು ಅಂತ ಯಾರೂ ಲೆಕ್ಕ ಕೇಳಲಿಲ್ಲ. ಇವತ್ತು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆ ಇದೆ.

ಅಲ್ಲೇ ಇರುವ ಚಪಲ್ ಯುದ್ಧನೌಕೆಯನ್ನೂ ನೋಡಿ ಬನ್ನಿ. 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು ಇದೇ ಅಂತ ಮಕ್ಕಳಿಗೆ ಹೇಳುವವರು ಬೇಕಾದಷ್ಟು ಜನ. ಆ ಡಿಸೆಂಬರ್ 4ರ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್, ವೀರ್. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಮೂರು ದಶಕದ ಹತ್ತಿರ ಸಮುದ್ರದಲ್ಲಿದ್ದು 2005ರಲ್ಲಿ ನಿವೃತ್ತಿಯಾಯಿತು. ಆ ಯುದ್ಧದಲ್ಲಿ ಇರಲಿಲ್ಲ ಅಂತ ಅದನ್ನು ಯಾರಾದರೂ ಗುಜರಿಗೆ ಹಾಕಿ ಅಂದರೇ?

ಕಾನೂನೇ ಕೊನೆಯ ಮಾತು ಅಂತಲೂ ನಾನು ಹೇಳುವುದಿಲ್ಲ. ಅಗ್ನಿವೀರರನ್ನೇ ನೋಡಿ. 2022ರಲ್ಲಿ ಬಂದ ಯೋಜನೆ, ನಾಲ್ಕು ವರ್ಷದ ಸೇವೆ. ಹೆಚ್ಚೆಂದರೆ ಕಾಲು ಭಾಗದಷ್ಟು ಜನರನ್ನು ಕಾಯಂ ಮಾಡಿಕೊಳ್ಳುತ್ತಾರೆ. ಉಳಿದವರು ಸೇವಾ ನಿಧಿ ಎಂಬ ಇಡುಗಂಟು ತೆಗೆದುಕೊಂಡು ಮನೆಗೆ ಬರುತ್ತಾರೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. 2023ರಲ್ಲಿ ಸಿಯಾಚಿನ್‌ನಲ್ಲಿ ಕರ್ತವ್ಯದಲ್ಲಿದ್ದ ಅಗ್ನಿವೀರರೊಬ್ಬರು ತೀರಿಕೊಂಡರು. ಅದೇ ಹಿಮದಲ್ಲಿ ನಾಲ್ಕು ವರ್ಷ ಕಳೆದು ಬದುಕಿ ಬಂದ ಹುಡುಗ ನಾಳೆ ಊರಿಗೆ ಬಂದರೆ ಅವನನ್ನು ಯಾವ ಸಾಲಿನಲ್ಲಿ ಕೂರಿಸುತ್ತೀರಿ? ಸರ್ಕಾರದ ಪಟ್ಟಿಯಲ್ಲಿ ಅವನಿಲ್ಲ. ಶಾಲೆಯ ಅಂಗಳದಲ್ಲಿ ಅವನಿಗೂ ಒಂದು ಕುರ್ಚಿ ಹಾಕಿ ಅನ್ನುವವನು ನಾನು.

ಕುರ್ಚಿ ಸಿಗಬಾರದವರು ಸುಳ್ಳು ಹೇಳುವವರು. ಸೈನಿಕನಲ್ಲದವನು ಜನ ನಂಬಲಿ ಅಂತ ಸೈನಿಕನ ವೇಷ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಜೈಲು ಆಗಬಹುದು. ಸೈನ್ಯದಲ್ಲಿದ್ದವರೇ ನೋಡದ ಯುದ್ಧದ ಕಥೆ ಹೊಡೆದರೆ ಅದಕ್ಕೆ ಕಲಮು ಇಲ್ಲ. ನಿಮ್ಮ ಅಪ್ಪ ಇಷ್ಟು ವರ್ಷ "ನಾನು ಅಡುಗೆಯಲ್ಲಿದ್ದೆ" ಅಂತಲೇ ಹೇಳಿಕೊಂಡು ಬಂದವರು. ಕಾರ್ಗಿಲ್ ಹತ್ತಿದೆ ಅಂತ ಬಿಟ್ಟಿದ್ದರೂ ಊರಲ್ಲಿ ನಂಬುವವರಿದ್ದರು.

ಒತ್ತಾಯ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಹೋಗುವುದು ಬಿಡುವುದು ಅವರಿಷ್ಟ. ಅವರು ಮನಸ್ಸು ಮಾಡಿದರೆ ಆಮಂತ್ರಣ ಪತ್ರಿಕೆಯಲ್ಲಿ "ಹವಾಲ್ದಾರ್" ಅಂತ ಹಾಕಿ, ಹೆಸರಿನ ನಂತರ "ನಿವೃತ್ತ" ಅಂತ ಬರೆಯಿರಿ ಎಂದು ನೀವೇ ಸಮಿತಿಯವರಿಗೆ ತಿಳಿಸಿ. ಮೆಡಲ್ ಪೆಟ್ಟಿಗೆಯಲ್ಲಿದ್ದರೆ ಹೊರಗೆ ತೆಗೆದಿಡಿ, ಹಾಕಿಕೊಳ್ಳುವುದು ಅವರಿಗೆ ಬಿಟ್ಟದ್ದು.

ಇನ್ನೊಂದು, ನೀವು ಕೇಳದ ವಿಷಯ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಎರಡನ್ನೂ ತೆಗೆದು ನಿಮ್ಮ ಆಯಿಯ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ಮದುವೆಗೆ ಮುಂಚಿನ ಹೆಸರು ಒಂದು ಕಡೆ, ಆಮೇಲಿನದು ಇನ್ನೊಂದು ಕಡೆ ಇದ್ದರೆ ಮುಂದೆ ಕುಟುಂಬ ಪಿಂಚಣಿಗೆ ಅಲೆದಾಟ ತಪ್ಪುವುದಿಲ್ಲ. ತಿದ್ದುಪಡಿ ಆಗುವುದು ಅಪ್ಪನ ಸೇವಾ ದಾಖಲೆ ಇಟ್ಟಿರುವ ಸೈನ್ಯದ ರೆಕಾರ್ಡ್ ಆಫೀಸಿನಿಂದ, ಅರ್ಜಿ ಬರೆಯಲು ಸೈನಿಕ ಕಲ್ಯಾಣ ಕಚೇರಿಯವರು ಸಹಾಯ ಮಾಡುತ್ತಾರೆ. ಅಪ್ಪ ಗಟ್ಟಿಯಾಗಿರುವಾಗಲೇ, ಅವರದೇ ಸಹಿಯಲ್ಲಿ ಈ ಕೆಲಸ ಮುಗಿಸಿ.