ತೋಳಗಳ ಅಧ್ಯಯನಕ್ಕೆ ಹೋದ ಸ್ವಯಂಸೇವಕರು ಅಲ್ಲಿ ಮಾಡುವುದೇನು?

ನಿಮ್ಮ ಪ್ರಶ್ನೆ ಇದು: "ಅಮೆರಿಕದ ಐಲ್ ರಾಯಲ್ ದ್ವೀಪದಲ್ಲಿ ತೋಳ ಮತ್ತು ಮೂಸ್‌ಗಳ ಅಧ್ಯಯನಕ್ಕೆ ಸಾಮಾನ್ಯ ಜನರನ್ನೂ ಕರೆದುಕೊಂಡು ಹೋಗುತ್ತಾರಂತೆ. ಅಲ್ಲಿ ಏನು ಮಾಡಿಸುತ್ತಾರೆ? ತೋಳ ಕಾಣಿಸುತ್ತದಾ? ಇದು ನಿಜಕ್ಕೂ ವಿಜ್ಞಾನವಾ, ಅಥವಾ ದುಡ್ಡು ಕೊಟ್ಟು ಹೋಗುವ ಟ್ರೆಕ್ಕಾ?"

ಸತ್ತ ಮೂಸ್‌ಗಳ ಮೂಳೆ ಹುಡುಕಿಸುತ್ತಾರೆ. ತೋಳ ಕಾಣಿಸುವುದು ತುಂಬಾ ಅಪರೂಪ. ನನಗಂತೂ ರಾತ್ರಿ ಕೂಗು ಕೇಳಿಸಿತು, ಅಷ್ಟೇ. ದುಡ್ಡು ಕೊಡಬೇಕು, ಬೆನ್ನು ನೋಯುತ್ತದೆ, ಆದರೂ ಅದು ವಿಜ್ಞಾನವೇ. ನಾನು ಮಿಷಿಗನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಪ್ರಾಣಿಶಾಸ್ತ್ರ ಓದಿದವನಲ್ಲ. ಹಾಗಾಗಿ ಒಬ್ಬ ಕೂಲಿಯಾಳಿನ ಕಣ್ಣಿಗೆ ಕಂಡಂತೆ ಹೇಳುತ್ತೇನೆ.

ಐಲ್ ರಾಯಲ್ ಇರುವುದು ಸುಪೀರಿಯರ್ ಸರೋವರದ ನಡುವೆ. ಉದ್ದ ಸುಮಾರು 72 ಕಿಲೋಮೀಟರ್. ಮೂಸ್ ಅಂದರೆ ನಮ್ಮ ಕಡವೆಗಿಂತ ಎಷ್ಟೋ ದೊಡ್ಡದಾದ, ಚಳಿನಾಡಿನ ಜಿಂಕೆ ಜಾತಿ. ಅವು 20ನೇ ಶತಮಾನದ ಆರಂಭದಲ್ಲಿ ಈ ದ್ವೀಪ ಸೇರಿದವು. ತೋಳಗಳು ಬಂದದ್ದು 1940ರ ದಶಕದ ಕೊನೆಗೆ, ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಕೊಂಡು. 1958ರಲ್ಲಿ ಡರ್ವರ್ಡ್ ಆಲನ್ ಶುರು ಮಾಡಿದ ಅಧ್ಯಯನ ಇವತ್ತಿಗೂ ನಡೆಯುತ್ತಿದೆ. ಈಗ ಅದರ ನೆಲೆ ಹೌಟನ್ ಊರಿನ ಮಿಷಿಗನ್ ಟೆಕ್ನಲಾಜಿಕಲ್ ಯೂನಿವರ್ಸಿಟಿ.

ಚಳಿಗಾಲದಲ್ಲಿ ವಿಜ್ಞಾನಿಗಳು ಪುಟ್ಟ ವಿಮಾನದಲ್ಲಿ ಹಾರಾಡಿ ಎರಡೂ ಪ್ರಾಣಿಗಳನ್ನು ಎಣಿಸುತ್ತಾರೆ. ಹಿಮದ ಮೇಲೆ ಹೆಜ್ಜೆ ಕಾಣುತ್ತದೆ, ಎಷ್ಟೋ ಮರಗಳಲ್ಲಿ ಎಲೆ ಇರುವುದಿಲ್ಲ. ಆದರೆ ಮೇಲಿನಿಂದ ಎಣಿಸಿದರೆ ಎಷ್ಟಿವೆ ಅಂತ ಗೊತ್ತಾಗುತ್ತದೆ, ಯಾಕೆ ಸತ್ತವು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮಂಥವರು ಬೇಕು. ಐದಾರು ಜನ ಸಾಲಾಗಿ ಹರಡಿಕೊಂಡು, ದಾರಿಯೇ ಇಲ್ಲದ ಕಾಡು, ಜೌಗು, ಬಿದ್ದ ಮರಗಳ ನಡುವೆ ನೆಲ ನೋಡುತ್ತಾ ನಡೆಯುತ್ತೇವೆ. ಯಾರಾದರೂ "ಮೂಳೆ!" ಅಂತ ಕೂಗಿದರೆ ಎಲ್ಲರೂ ಅಲ್ಲಿಗೆ. ಎಲ್ಲಿ ಸಿಕ್ಕಿತು, ಹೇಗೆ ಬಿದ್ದಿತ್ತು ಅಂತ ಬರೆದುಕೊಂಡು, ತಲೆಬುರುಡೆ, ಕೆಳದವಡೆ, ಹಿಂಗಾಲಿನ ಒಂದು ಉದ್ದ ಮೂಳೆ, ರೋಗದ ಗುರುತಿರುವ ಕೀಲುಗಳು, ಇಷ್ಟನ್ನು ಹೊತ್ತು ತರುತ್ತೇವೆ. ಕೆಲವು ಸಲ ಮಾಂಸ ಪೂರ್ತಿ ಹೋಗಿರುವುದಿಲ್ಲ. ವಾಸನೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬ್ಯಾಗಿನ ಹೊರಗಡೆ ಕಟ್ಟಿಕೊಳ್ಳಿ.

ಈ ಮೂಳೆಗಳು ಹೇಳುವಷ್ಟು ವಿಷಯ ನನಗೆ ಕಲ್ಪನೆಯೇ ಇರಲಿಲ್ಲ. ಹಲ್ಲನ್ನು ತೆಳ್ಳಗೆ ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂಥ ವರ್ಷದ ಗೆರೆಗಳು ಕಾಣುತ್ತವೆ. ಸತ್ತಾಗ ಎಷ್ಟು ವಯಸ್ಸು ಅಂತ ಅಲ್ಲಿಂದ ತಿಳಿಯುತ್ತದೆ. ಹಿಂಗಾಲಿನ ಮೂಳೆ ಗಿಡ್ಡವಾಗಿದ್ದರೆ ಆ ಮೂಸ್ ತಾಯಿಯ ಹೊಟ್ಟೆಯಲ್ಲೋ ಮರಿಯಾಗಿದ್ದಾಗಲೋ ಸರಿಯಾಗಿ ಆಹಾರ ಸಿಗದೆ ಬೆಳೆದದ್ದು. ಅಂಥವಕ್ಕೇ ವಯಸ್ಸಾದ ಮೇಲೆ ಕೀಲುನೋವಿನ ಕಾಯಿಲೆ ಜಾಸ್ತಿ. ಕುಂಟುವ ಮೂಸ್ ತೋಳಕ್ಕೆ ಸುಲಭವಾಗಿ ಸಿಗುತ್ತದೆ. ಅಂದರೆ ಇವತ್ತು ತೋಳ ಹಿಡಿದ ಪ್ರಾಣಿಯ ಹಣೆಬರಹ ಹತ್ತು ವರ್ಷದ ಹಿಂದಿನ ಒಂದು ಕೆಟ್ಟ ಚಳಿಗಾಲದಲ್ಲೇ ಅರ್ಧ ಬರೆದಾಗಿತ್ತು! ಇದನ್ನು ಎರಡು ವರ್ಷದ ಪ್ರಾಜೆಕ್ಟಿನಲ್ಲಿ ಯಾರು ಕಂಡುಹಿಡಿಯಲು ಸಾಧ್ಯ? ದಶಕಗಳ ತಲೆಬುರುಡೆಗಳನ್ನು ಅಳೆದು ನೋಡಿದಾಗ ಇನ್ನೊಂದು ವಿಷಯ ಗೊತ್ತಾಯಿತು: ಮೂಸ್‌ಗಳ ತಲೆ ಚಿಕ್ಕದಾಗುತ್ತಾ ಬಂದಿದೆ. ಮರಿಯಾಗಿದ್ದಾಗ ಬೆಚ್ಚನೆಯ ಚಳಿಗಾಲ ಕಂಡ ಮೂಸ್‌ಗಳಲ್ಲಿ ಇದು ಎದ್ದು ಕಾಣುತ್ತದೆ.

ನೀವು ಕೇಳಿದ "ನಿಜಕ್ಕೂ ವಿಜ್ಞಾನವಾ" ಅನ್ನುವುದಕ್ಕೆ ನನ್ನ ಉತ್ತರ ಈ ದೀರ್ಘ ಕಾಲದಲ್ಲೇ ಇದೆ. ಈ ಅಧ್ಯಯನ ಮೊದಲ ಹತ್ತು ವರ್ಷಕ್ಕೇ ನಿಂತಿದ್ದರೆ, ತೋಳ ಮತ್ತು ಮೂಸ್ ಒಂದನ್ನೊಂದು ಹದ್ದುಬಸ್ತಿನಲ್ಲಿಟ್ಟುಕೊಳ್ಳುತ್ತವೆ ಅಂತ ಬರೆದು ಪುಸ್ತಕ ಮುಚ್ಚಬಹುದಿತ್ತು. ಆದರೆ ಆಮೇಲೆ ಆದದ್ದೇ ಬೇರೆ. 1980ರಲ್ಲಿ 50 ತೋಳಗಳಿದ್ದವು. ಎರಡೇ ವರ್ಷದಲ್ಲಿ 14ಕ್ಕೆ ಇಳಿದವು. ಕಾರಣ ನಾಯಿಗಳಿಗೆ ಬರುವ ಪಾರ್ವೊ ವೈರಸ್. ಯಾರೋ ದ್ವೀಪಕ್ಕೆ ತಂದ ನಾಯಿಯಿಂದಲೇ ಬಂದಿರಬೇಕು. ತೋಳ ಕಡಿಮೆಯಾಗಿ ಮೂಸ್ ಮಿತಿಮೀರಿ ಬೆಳೆದವು. 1996ರ ಭಾರೀ ಚಳಿಗಾಲದಲ್ಲಿ ಮೇವಿಲ್ಲದೆ, ಉಣ್ಣಿ ಕಾಟದಿಂದ, ರಾಶಿ ರಾಶಿ ಸತ್ತವು.

ಆಮೇಲಿನದ್ದು ಬಿಸಿಯಾಗುತ್ತಿರುವ ಉತ್ತರದ ಕಥೆ. 1960ರ ದಶಕದಲ್ಲಿ ಬಹುತೇಕ ಚಳಿಗಾಲಗಳಲ್ಲಿ ದ್ವೀಪಕ್ಕೂ ದಡಕ್ಕೂ ನಡುವೆ ನೀರು ಹೆಪ್ಪುಗಟ್ಟುತ್ತಿತ್ತು. ಈಗ ಅದು ಅಪರೂಪ. ದಾರಿ ಇಲ್ಲದ ಮೇಲೆ ಹೊಸ ತೋಳ ಬರುವುದೆಲ್ಲಿಂದ? 1997ರಲ್ಲಿ ಒಂದು ಗಂಡು ಬಂದಿತ್ತು. ಅದರ ಹೊಸ ರಕ್ತದಿಂದ ಸ್ವಲ್ಪ ಕಾಲ ಚೇತರಿಕೆ ಕಂಡಿತು. ಆಮೇಲೆ ಮತ್ತೆ ಒಂದೇ ಕುಟುಂಬದೊಳಗೆ ಮರಿ ಹಾಕಿ ಹಾಕಿ ಬೆನ್ನುಮೂಳೆಯೇ ಸೊಟ್ಟಗಾಯಿತು. ಇದು ಗೊತ್ತಾದದ್ದೂ ಮೂಳೆಯಿಂದಲೇ ನೋಡಿ. 2016ರ ಹೊತ್ತಿಗೆ ಉಳಿದದ್ದು ಎರಡೇ ತೋಳ, ಅಪ್ಪ ಮತ್ತು ಮಗಳು. ಕೊನೆಗೆ 2018-19ರಲ್ಲಿ ರಾಷ್ಟ್ರೀಯ ಉದ್ಯಾನದವರು ಹೊರಗಿನಿಂದ 19 ತೋಳಗಳನ್ನು ತಂದು ಬಿಟ್ಟರು. ಪ್ರಕೃತಿಯನ್ನು ಅದರ ಪಾಡಿಗೆ ಬಿಡಬೇಕಿತ್ತು ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ದಾರಿ ಕರಗಿಸಿದ್ದು ನಾವೇ ಅಲ್ವಾ? 2019ರಲ್ಲಿ ಮೂಸ್ 2,000 ದಾಟಿದ್ದವು, ಚಳಿಗಾಲದಲ್ಲಿ ಅವು ಮೇಯುವ ಬಾಲ್ಸಂ ಫರ್ ಮರಗಳ ಸಸಿಗಳನ್ನು ಬೆಳೆಯಲು ಬಿಡುತ್ತಿರಲಿಲ್ಲ. 2024ರ ಎಣಿಕೆಯಲ್ಲಿ ತೋಳ 30, ಮೂಸ್ ಸುಮಾರು 840.

ಹೋಗುವುದಾದರೆ ಕೆಲವು ಮಾತು. ಯೂನಿವರ್ಸಿಟಿಯ ಮೂಸ್‌ವಾಚ್ ಕಾರ್ಯಕ್ರಮಕ್ಕೆ ಅರ್ಜಿ ಹಾಕಬೇಕು. ಸುಮ್ನೆ ಜಿಮ್‌ಗೆ ಹೋದರೆ ಸಾಲದು, ತೂಕದ ಬ್ಯಾಗು ಹೊತ್ತು ಗುಡ್ಡ ಹತ್ತಿ ಅಭ್ಯಾಸ ಮಾಡಿ, ಏಕೆಂದರೆ ವಾಪಸು ಬರುವಾಗ ಮೂಳೆಯ ಭಾರವೂ ಸೇರುತ್ತದೆ. ನೀರನ್ನು ಸೋಸದೆ ಅಥವಾ ಕುದಿಸದೆ ಕುಡಿಯಬೇಡಿ, ತೋಳದ ಲದ್ದಿಯಿಂದ ಲಾಡಿಹುಳುವಿನ ಮೊಟ್ಟೆ ನೀರಿಗೆ ಸೇರುತ್ತದೆ. ನೆನಪಿಗೆ ಅಂತ ಒಂದು ಕೊಂಬಿನ ಚೂರನ್ನೂ ಮನೆಗೆ ತರುವಂತಿಲ್ಲ. ಜೂನ್ ಬಂತೆಂದರೆ ಸೊಳ್ಳೆ ವಿಪರೀತ, ತಲೆಗೆ ಹಾಕಿಕೊಳ್ಳುವ ಪರದೆ ಮರೆಯಬೇಡಿ. ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಹಗುರ, ಬೇಯಿಸುವ ರಗಳೆ ಇಲ್ಲ, ತಂಡದ ಉಳಿದವರೂ ಕೈ ಚಾಚುತ್ತಾರೆ. ಸ್ವಲ್ಪ ಜಾಸ್ತಿನೇ ಇರಲಿ.